ಚಿತ್ಕುಲ್‌ನಿಂದ ರಕ್ಛಮ್‌ಗೆ: ಬಾಸ್ಪಾ ದಂಡೆಯಲ್ಲಿ ಒಂದು ದಿನದ ನಡಿಗೆ

ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಯಲ್ಲಿ ಬಾಸ್ಪಾ ಅನ್ನುವ ಹೊಳೆ ಇದೆ. ಟಿಬೆಟ್ ಗಡಿಯ ಕಡೆಯ ಹಿಮದಲ್ಲಿ ಹುಟ್ಟಿ, ಚಿತ್ಕುಲ್, ರಕ್ಛಮ್, ಸಾಂಗ್ಲಾ ಊರುಗಳನ್ನು ದಾಟಿ, ಕರ್ಛಮ್ ಹತ್ತಿರ ಸಟ್ಲೆಜ್ ಸೇರುತ್ತದೆ. ಈ ಕಣಿವೆಯ ಕೊನೆಯ ಊರು ಚಿತ್ಕುಲ್. ಬಹಳಷ್ಟು ಜನ ಅಲ್ಲಿಗೆ ಟ್ಯಾಕ್ಸಿಯಲ್ಲಿ ಹೋಗುತ್ತಾರೆ. 'ಹಿಂದೂಸ್ತಾನದ ಕೊನೆಯ ಢಾಬಾ' ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಂಡು, ರಾಜ್ಮಾ ಚಾವಲ್ ತಿಂದು, ಅದೇ ಟ್ಯಾಕ್ಸಿಯಲ್ಲಿ ವಾಪಸ್. ಚಿತ್ಕುಲ್‌ನಿಂದ ರಕ್ಛಮ್‌ವರೆಗೆ ಹೊಳೆಯ ಪಕ್ಕದಲ್ಲೇ ಸುಮಾರು 10 ಕಿ.ಮೀ. ಉದ್ದದ ಕಾಲುದಾರಿ ಇದೆ ಅನ್ನುವುದು ಅವರಲ್ಲಿ ಅನೇಕರಿಗೆ ಗೊತ್ತೇ ಇರುವುದಿಲ್ಲ. ಕಾರು ಓಡುವ ರಸ್ತೆ ಬಲದಂಡೆಯಲ್ಲಿದೆ, ಕಾಲುದಾರಿ ಎಡದಂಡೆಯಲ್ಲಿ. ಹೀಗಾಗಿ ಹಾರ್ನ್ ಸದ್ದಿಲ್ಲ, ಧೂಳಿಲ್ಲ.

ನಡಿಗೆ ಸುಲಭ. ಕುಮಾರಪರ್ವತ ಹತ್ತಿದವರಿಗೆ ಕಾಲಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ತೊಂದರೆ ಕೊಡುವುದು ಎರಡೇ: ಎತ್ತರ, ಮತ್ತು ಮಧ್ಯಾಹ್ನದ ಮೇಲೆ ಉಕ್ಕುವ ಅಡ್ಡಹಳ್ಳಗಳು. ಎರಡಕ್ಕೂ ನನ್ನ ಪರಿಹಾರ ಒಂದೇ: ರಕ್ಛಮ್‌ನಲ್ಲಿ ಮಲಗಿ, ಚಿತ್ಕುಲ್‌ನಿಂದ ನಡೆಯಿರಿ. ಅಂದರೆ ಹಿಂದಿನ ದಿನವೇ ರಕ್ಛಮ್‌ಗೆ ಬಂದು ರೂಮ್ ಮಾಡಿ, ಸಾಮಾನು ಅಲ್ಲೇ ಬಿಟ್ಟು, ಬೆಳಿಗ್ಗೆ ಗಾಡಿಯಲ್ಲಿ ಚಿತ್ಕುಲ್‌ಗೆ ಹೋಗಿ, ಹೊಳೆ ಹರಿಯುವ ದಿಕ್ಕಿನಲ್ಲಿ ವಾಪಸ್ ನಡೆಯುವುದು. ಹೀಗೆ ಮಾಡಿದರೆ ರಾತ್ರಿ ಕಮ್ಮಿ ಎತ್ತರದಲ್ಲಿ ನಿದ್ದೆ, ಬೆನ್ನ ಮೇಲೆ ಸಣ್ಣ ಚೀಲ, ದಾರಿಯೆಲ್ಲ ಒಟ್ಟಾರೆ ಇಳಿಜಾರು. ಕೊನೆಯ ಬಸ್ಸಿಗೆ ಓಡುವ ಗಡಿಬಿಡಿಯೂ ಇಲ್ಲ, ಯಾಕೆಂದರೆ ನಡಿಗೆ ಮುಗಿಯುವಲ್ಲೇ ನಿಮ್ಮ ರೂಮ್ ಇರುತ್ತದೆ. ಉಲ್ಟಾ ನಡೆಯುವವರೂ ಇದ್ದಾರೆ. ಹಿಮದ ಶಿಖರಗಳು ಎದುರಿಗೇ ಇರುತ್ತವೆ ಅನ್ನುವುದು ಅವರ ವಾದ, ಅದು ಸರಿಯೇ. ಆದರೆ ಅವರು ಸುಸ್ತಾದ ಕಾಲಲ್ಲಿ ಕೊನೆಗೆ ಹೊಳೆಯಿಂದ ಚಿತ್ಕುಲ್ ಊರಿಗೆ ಏರಬೇಕು, ಅದೂ 3,450 ಮೀಟರ್ ಎತ್ತರದಲ್ಲಿ. ಮೊದಲ ಸಲ ಹೋಗುವವರಿಗೆ ಅದು ಬೇಡ.

ಯಾವಾಗ ಹೋಗಬೇಕು

ಮೇ ಮಧ್ಯದಿಂದ ಜೂನ್ ಕೊನೆಯವರೆಗೆ, ಆಮೇಲೆ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ. ಮೇ ತಿಂಗಳಲ್ಲಿ ನೆರಳಿನ ಜಾಗಗಳಲ್ಲಿ ಹಳೇ ಹಿಮ ಉಳಿದಿರಬಹುದು. ಜೂನ್‌ನಲ್ಲಿ ಹುಲ್ಲುಗಾವಲು ಹಸಿರು, ಆದರೆ ಹಿಮ ಜೋರಾಗಿ ಕರಗುವುದರಿಂದ ಹಳ್ಳಗಳಲ್ಲಿ ನೀರು ಜಾಸ್ತಿ. ನನ್ನ ಆಯ್ಕೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮೊದಲ ವಾರ. ಆಕಾಶ ತಿಳಿಯಾಗಿರುತ್ತದೆ, ಹಳ್ಳಗಳು ಇಳಿದಿರುತ್ತವೆ, ಭೂರ್ಜ (ಬರ್ಚ್) ಮರಗಳ ಎಲೆ ಹಳದಿಯಾಗಿರುತ್ತದೆ, ಸಾಂಗ್ಲಾದಲ್ಲಿ ಸೇಬು ಕೊಯ್ಲು ನಡೆದಿರುತ್ತದೆ. ಚಳಿ ಮಾತ್ರ ಗಟ್ಟಿ.

ಜುಲೈ, ಆಗಸ್ಟ್ ಬಿಟ್ಟುಬಿಡಿ. ಕಾಲುದಾರಿಗಿಂತ ಅಲ್ಲಿಗೆ ತಲುಪುವ ರಸ್ತೆಯ ಭಯವೇ ದೊಡ್ಡದು. 2021ರ ಜುಲೈ 25ರಂದು ಇದೇ ಸಾಂಗ್ಲಾ ಕಣಿವೆಯ ಬಟ್ಸೇರಿ ಹತ್ತಿರ ಗುಡ್ಡದಿಂದ ಬಂಡೆಗಳು ಉರುಳಿ ಒಂದು ಸೇತುವೆಯೇ ಮುರಿದು ಬಿತ್ತು. ಗಾಡಿಯಲ್ಲಿದ್ದ ಒಂಬತ್ತು ಪ್ರವಾಸಿಗರು ಸತ್ತರು. ಮುಂದಿನ ತಿಂಗಳೇ ಹೆದ್ದಾರಿಯ ನಿಗುಲ್ಸರಿಯಲ್ಲಿ ಗುಡ್ಡ ಕುಸಿದು ಬಸ್ಸೊಂದು ಹೂತುಹೋಯಿತು. ಚಳಿಗಾಲದಲ್ಲಿ ಹಿಮ ಬಿದ್ದು ಸಾಂಗ್ಲಾದಿಂದ ಮೇಲಿನ ರಸ್ತೆ ಮುಚ್ಚಿಹೋಗುತ್ತದೆ, ಚಿತ್ಕುಲ್‌ನ ಎಷ್ಟೋ ಮನೆಯವರು ಕೆಳಗಿನ ಊರುಗಳಿಗೆ ಇಳಿಯುತ್ತಾರೆ.

ತಲುಪುವುದು: ಇಲ್ಲಿ ಅವಸರ ಬೇಡ

ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ ಇದೆ, ಯಶವಂತಪುರದಿಂದ ಸಂಪರ್ಕ ಕ್ರಾಂತಿ ರೈಲೂ ಇದೆ. ಚಂಡೀಗಢದಿಂದ ಶಿಮ್ಲಾ ಸುಮಾರು 115 ಕಿ.ಮೀ. ಶಿಮ್ಲಾದಿಂದ ರಾಂಪುರ, ಜೇವರಿ, ಟಾಪ್ರಿ ದಾಟಿ ಕರ್ಛಮ್‌ವರೆಗೆ ರಾಷ್ಟ್ರೀಯ ಹೆದ್ದಾರಿ 5. ಕರ್ಛಮ್‌ನಲ್ಲಿ ಹೆದ್ದಾರಿ ಬಿಟ್ಟು ಬಾಸ್ಪಾ ಕಣಿವೆಗೆ ತಿರುಗಬೇಕು. ಅಲ್ಲಿಂದ ಸಾಂಗ್ಲಾ 18 ಕಿ.ಮೀ. ಆಸುಪಾಸು, ಅದರ ಮೇಲೆ ರಕ್ಛಮ್, ಆಮೇಲೆ ಚಿತ್ಕುಲ್.

ಗೂಗಲ್ ಮ್ಯಾಪ್ ತೋರಿಸುವ ಗಂಟೆಗಳನ್ನು ನಂಬಿ ಪ್ಲಾನ್ ಮಾಡಬೇಡಿ. ಬಂಡೆ ಕೊರೆದು ಮಾಡಿದ ರಸ್ತೆ, ಕೆಳಗೆ ಸಟ್ಲೆಜ್, ಎದುರಿನಿಂದ ಲಾರಿ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ರಸ್ತೆ ಕೆಲಸಕ್ಕೆ ನಿಲ್ಲಿಸಿದರೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಚಂಡೀಗಢದಿಂದ ಒಂದೇ ದಿನಕ್ಕೆ ಚಿತ್ಕುಲ್ ಮುಟ್ಟಿಸುತ್ತೇನೆ ಅನ್ನುವ ಡ್ರೈವರ್‌ಗೆ ಕೈ ಮುಗಿದು ಬೇಡ ಅನ್ನಿ.

ನಾನು ಹೇಳುವ ಕ್ರಮ ಹೀಗೆ. ಮೊದಲ ರಾತ್ರಿ ನಾರ್ಕಂಡಾ ಅಥವಾ ಸರಾಹನ್. ಸರಾಹನ್‌ನಲ್ಲಿ ಭೀಮಾಕಾಳಿ ಗುಡಿ ಇದೆ, ಕಲ್ಲು ಮತ್ತು ಮರವನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು. ಸಂಜೆ ಅದನ್ನು ನೋಡಿ ಮಲಗಿದರೆ ದಾರಿ ಸವೆಸಿದ ದಿನ ದಂಡವಾಗಲಿಲ್ಲ ಅನಿಸುತ್ತದೆ. ಎರಡನೇ ರಾತ್ರಿ ಸಾಂಗ್ಲಾ, ಸುಮಾರು 2,700 ಮೀಟರ್. ಮರುದಿನ ಬೆಳಿಗ್ಗೆ ಕಾಮ್ರು ಕೋಟೆಗೆ ನಿಧಾನವಾಗಿ ಹತ್ತಿ ಇಳಿಯಿರಿ, ಅದೇ ನಿಮ್ಮ ಅಭ್ಯಾಸ. ಒಳಗೆ ಹೋಗುವವರಿಗೆ ತಲೆಗೆ ಟೋಪಿ, ಸೊಂಟಕ್ಕೆ ಪಟ್ಟಿ ಅಲ್ಲೇ ಕೊಡುತ್ತಾರೆ, ಸುಮ್ನೆ ಕಟ್ಟಿಕೊಳ್ಳಿ. ಮಧ್ಯಾಹ್ನ ರಕ್ಛಮ್‌ಗೆ ಹೋಗಿ ಮೂರನೇ ರಾತ್ರಿ ಅಲ್ಲಿ. ರಕ್ಛಮ್ 3,000 ಮೀಟರ್‌ನ ಆಸುಪಾಸಿನಲ್ಲಿದೆ. ನಡಿಗೆ ನಾಲ್ಕನೇ ದಿನ.

ಇಷ್ಟೊಂದು ನಿಧಾನ ಯಾಕೆ? ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರ ಇಲ್ಲ. ಚಿತ್ಕುಲ್ ಅದರ ಒಂದೂಮುಕ್ಕಾಲು ಪಟ್ಟು. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು ಮಾತ್ರ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು ಶುರುವಾಗಬಹುದು. ಜಿಮ್‌ಗೆ ಹೋಗುವವರಿಗೆ ಆಗುವುದಿಲ್ಲ ಅನ್ನುವುದು ಸುಳ್ಳು ನಂಬಿಕೆ. ತಲೆನೋವು ಇದ್ದರೆ ಅದು ಇಳಿಯುವವರೆಗೆ ಮೇಲೆ ಹೋಗಬೇಡಿ. ವಾಂತಿ, ನಡೆಯುವಾಗ ತೂರಾಟ, ಸುಮ್ಮನೆ ಕೂತಾಗಲೂ ಏದುಸಿರು ಇವು ಕಂಡರೆ ರಾತ್ರಿಯಾದರೂ ಸರಿ, ಗಾಡಿ ಮಾಡಿ ಕೆಳಗೆ ಇಳಿಯಿರಿ. ಎತ್ತರದ ಈ ತೊಂದರೆಗೆ ಕೊಡುವ ಡೈಮಾಕ್ಸ್ ಮಾತ್ರೆ ಬೇಕೋ ಬೇಡವೋ ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿಕೊಂಡು ಬನ್ನಿ, ಬಿಪಿ, ಹೃದಯದ ತೊಂದರೆ ಇದ್ದವರಂತೂ ಕೇಳದೆ ಹೊರಡಬೇಡಿ.

ಚೀಲಕ್ಕೆ ಏನು

ಒಳ್ಳೆ ಹಿಡಿತದ, ಈಗಾಗಲೇ ಹಾಕಿ ಪಳಗಿದ ಶೂ. ಹೊಸ ಶೂ ಹಾಕಿಕೊಂಡು ಹೋದರೆ ಹಿಮ್ಮಡಿ ಬೊಬ್ಬೆ ಗ್ಯಾರಂಟಿ. ಹತ್ತಿಯ ಟೀ ಶರ್ಟ್ ಬೇಡ. ಬೆವರಿಗೆ ಒದ್ದೆಯಾಗಿ ಮೈಗಂಟಿ, ಮೋಡ ಅಡ್ಡ ಬಂದ ತಕ್ಷಣ ನಡುಕ ಹುಟ್ಟಿಸುತ್ತದೆ. ಬೇಗ ಒಣಗುವ ಬಟ್ಟೆ, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಮಧ್ಯಾಹ್ನದ ಮೇಲೆ ಈ ಕಣಿವೆಯಲ್ಲಿ ಗಾಳಿ ಏಳುತ್ತದೆ, ಕಿವಿ ಮುಚ್ಚುವ ಟೋಪಿ ಇರಲಿ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಸ್ಟೈಲ್‌ಗಲ್ಲ. ಚಳಿ ಇದ್ದರೂ ಬಿಸಿಲು ಚರ್ಮ ಸುಡುತ್ತದೆ. ಒಂದು ಊರುಗೋಲು, ಒಂದು ಜೊತೆ ಹೆಚ್ಚುವರಿ ಕಾಲುಚೀಲ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನ್. ಪಶ್ಚಿಮ ಘಟ್ಟದ ಅಭ್ಯಾಸದಲ್ಲಿ ಉಪ್ಪು, ನಶ್ಯದ ಪೊಟ್ಟಣ ತೆಗೆದುಕೊಳ್ಳುವವರು ಅದನ್ನು ಮನೆಯಲ್ಲೇ ಬಿಡಬಹುದು. ನಮ್ಮ ಕಾಡಿನ ಹಾಗೆ ಇಲ್ಲಿ ಇಂಬಳದ ಕಾಟ ಇಲ್ಲ.

ದಾರಿಯಲ್ಲಿ ಅಂಗಡಿ ಇಲ್ಲ. ಬುತ್ತಿ ಕಟ್ಟಿಸಿಕೊಳ್ಳಲೇಬೇಕು. ರೂಮಿನವರಿಗೆ ಹಿಂದಿನ ರಾತ್ರಿಯೇ ಹೇಳಿದರೆ ಆಲೂ ಪರೋಟ ಮಾಡಿ ಸುತ್ತಿ ಕೊಡುತ್ತಾರೆ. ಊರಿಂದ ಒಂದಿಷ್ಟು ಚಟ್ನಿಪುಡಿ ಒಯ್ದಿದ್ದರೆ ಆ ಪರೋಟಕ್ಕೆ ಜೀವ ಬರುತ್ತದೆ. ಕುಡಿಯಲು ಎರಡು ಲೀಟರ್ ನೀರು. ನಗದು ಕಡ್ಡಾಯ. ನೆಟ್‌ವರ್ಕ್ ಹೋದರೆ ಫೋನ್‌ಪೇನೂ ಇಲ್ಲ, ಏನೂ ಇಲ್ಲ. ಎಟಿಎಂ ಕೆಲಸ ಸಾಂಗ್ಲಾದಲ್ಲೇ ಮುಗಿಸಿ. ಕಾಲುದಾರಿಯಲ್ಲಿ ಫೋನ್ ಸಿಗ್ನಲ್ ನೆಚ್ಚಬೇಡಿ. ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ರೂಮಿನವರಿಗೆ ಹೇಳಿ ಹೊರಡಿ.

ಭಾರತೀಯರಿಗೆ ಚಿತ್ಕುಲ್‌ವರೆಗೆ ಪರವಾನಗಿ ಬೇಡ. ಆದರೂ ಗುರುತಿನ ಚೀಟಿ ಜೊತೆಗಿರಲಿ. ಚಿತ್ಕುಲ್ ದಾಟಿ ಮೇಲೆ ಹೋದರೆ ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್) ಪಹರೆ ಇದೆ, ಅಲ್ಲಿ ತಡೆದರೆ ವಾದ ಮಾಡುವ ಜಾಗ ಅದಲ್ಲ.

ನಡಿಗೆಯ ದಿನ

ಬೆಳಿಗ್ಗೆ ಏಳಕ್ಕೆ ರಕ್ಛಮ್ ಬಿಡಿ. ಹಿಮಾಚಲ ಸಾರಿಗೆಯ ಬಸ್ಸು ಈ ರಸ್ತೆಯಲ್ಲಿ ಓಡುತ್ತದೆ, ಆದರೆ ಹೊತ್ತು ಬದಲಾಗುತ್ತಿರುತ್ತದೆ. ಹಿಂದಿನ ಸಂಜೆ ಊರಲ್ಲಿ ವಿಚಾರಿಸಿ, ಹೊಂದದಿದ್ದರೆ ಟ್ಯಾಕ್ಸಿಗೆ ಹೇಳಿಡಿ. "ಭಾಯಿ ಸಾಬ್, ಸುಬಹ್ ಸಾತ್ ಬಜೇ ಚಿತ್ಕುಲ್ ಛೋಡ್ ದೇಂಗೆ?" ಇಷ್ಟು ಹಿಂದಿ ಸಾಕು.

ಚಿತ್ಕುಲ್‌ನಲ್ಲಿ ಇಳಿದ ಕೂಡಲೇ ನಡೆಯಲು ಶುರು ಮಾಡಬೇಡಿ. ಚಹಾ ಕುಡಿಯಿರಿ, ಊರೊಳಗೆ ಒಂದು ಸುತ್ತು ಹಾಕಿ. ಕಲ್ಲುಚಪ್ಪಡಿ ಹೊದಿಸಿದ ಮರದ ಮನೆಗಳು, ಮಾಥಿ ದೇವಿಯ ಗುಡಿ. ಗುಡಿಯನ್ನಾಗಲಿ ದೇವರ ಪಲ್ಲಕ್ಕಿಯನ್ನಾಗಲಿ ಕೇಳದೆ ಮುಟ್ಟಬೇಡಿ. ಹೊರಗಿನವರು ಮುಟ್ಟುವುದು ಕಿನ್ನೌರ್‌ನ ಊರುಗಳಲ್ಲಿ ನಡೆಯುವುದಿಲ್ಲ. ಅಂಗಳದಲ್ಲಿ ಕೆಲಸ ಮಾಡುತ್ತಿರುವ ಹೆಂಗಸರ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ.

ಹೊಳೆಯ ಕಡೆ ಇಳಿಯುವಾಗ ನೀರಿನ ಗಿರಣಿ ಸಿಕ್ಕರೆ ಎರಡು ನಿಮಿಷ ನಿಲ್ಲಿ. ಸ್ಥಳೀಯರು ಘರಾಟ್ ಅನ್ನುತ್ತಾರೆ. ಸಣ್ಣ ಕಾಲುವೆಯ ನೀರು ಇಳಿಜಾರಿನ ಮರದ ದೋಣಿಯಲ್ಲಿ ರಭಸವಾಗಿ ಜಾರಿ ಬಂದು, ಗುಡಿಸಲಿನ ಅಡಿಯಲ್ಲಿ ಅಡ್ಡಲಾಗಿ ಕೂತ ಚಕ್ರದ ರೆಕ್ಕೆಗಳಿಗೆ ಬಡಿಯುತ್ತದೆ. ಚಕ್ರದ ಕಂಬ ನೆಟ್ಟಗೆ ಮೇಲೆ ಬಂದು ಬೀಸುಕಲ್ಲಿನ ಮೇಲಿನ ಕಲ್ಲನ್ನೇ ತಿರುಗಿಸುತ್ತದೆ. ಕಾಳಿನ ಬುಟ್ಟಿಗೆ ಕಟ್ಟಿದ ಒಂದು ಕಡ್ಡಿ ಆ ತಿರುಗುವ ಕಲ್ಲಿಗೆ ತಾಗಿ ತಟತಟ ಅನ್ನುತ್ತಿರುತ್ತದೆ. ಆ ಅಲುಗಾಟಕ್ಕೆ ಕಾಳು ಸ್ವಲ್ಪ ಸ್ವಲ್ಪವೇ ಕಲ್ಲಿನ ಕಣ್ಣಿಗೆ ಬೀಳುತ್ತದೆ. ನೀರು ಜೋರಾದರೆ ಕಲ್ಲು ಜೋರು, ಕಲ್ಲು ಜೋರಾದರೆ ಕಾಳೂ ಜೋರು. ಯಾರೂ ನಿಂತು ನೋಡಿಕೊಳ್ಳಬೇಕಾಗಿಲ್ಲ. ಕರೆಂಟಿಲ್ಲದ ಆಟೋಮ್ಯಾಟಿಕ್, ಅಲ್ವಾ?

ಹೊಳೆಗೆ ಇಳಿದು ಸೇತುವೆ ದಾಟಿ. ದಾಟಿದ ಮೇಲೆ ಬಲಕ್ಕೆ ತಿರುಗಿ. ಇನ್ನು ಮುಂದೆ ಒಂದೇ ಗುರುತು: ಬಾಸ್ಪಾ ಯಾವಾಗಲೂ ನಿಮ್ಮ ಬಲಗೈ ಕಡೆ ಇರಬೇಕು. ದನ ಕುರಿ ನಡೆದ ಜಾಡುಗಳು ಅಲ್ಲಲ್ಲಿ ಕವಲೊಡೆಯುತ್ತವೆ. ಎಡಕ್ಕೆ ಗುಡ್ಡ ಹತ್ತುವ ಜಾಡು ಮೇವಿನ ಕಡೆಗೋ ಸೌದೆಯ ಕಡೆಗೋ ಹೋಗುತ್ತದೆ. ಹೊಳೆಯ ಸದ್ದು ದೂರವಾಗುತ್ತಾ ಹೋದರೆ ನಿಂತು ವಾಪಸ್ ಬನ್ನಿ. ತೀರಾ ನೀರಿನ ಅಂಚಿಗೆ ಇಳಿಸುವ ಜಾಡೂ ಬೇಡ, ಅಂಚು ಕೊರೆದು ಟೊಳ್ಳಾಗಿರಬಹುದು.

ಮೊದಲಿಗೆ ಬಯಲು, ಹುಲ್ಲು, ದೊಡ್ಡ ಬಂಡೆಗಳು. ಆಮೇಲೆ ಕಾಡು. ಎದುರು ದಂಡೆ ನೋಡಿದರೆ ಬೋಳು ಬಂಡೆ, ಈ ದಂಡೆಯಲ್ಲಿ ಭೂರ್ಜ, ಪೈನ್. ಕಾರಣ ಇಷ್ಟೇ: ಎಡದಂಡೆಯ ಇಳಿಜಾರು ಉತ್ತರಕ್ಕೆ ಮುಖ ಮಾಡಿದೆ. ಬಿಸಿಲು ಕಮ್ಮಿ, ಹಿಮ ತಡವಾಗಿ ಕರಗುತ್ತದೆ, ಮಣ್ಣಿನಲ್ಲಿ ತೇವ ನಿಲ್ಲುತ್ತದೆ. ಭೂರ್ಜದ ತೊಗಟೆ ಕಾಗದದ ಹಾಗೆ ತಾನಾಗಿ ಸುಲಿಯುತ್ತಿರುತ್ತದೆ. ನೆಲಕ್ಕೆ ಬಿದ್ದ ಚೂರು ಕೈಯಲ್ಲಿ ಹಿಡಿದು ನೋಡಿ, ಮರದಿಂದ ಕೀಳಬೇಡಿ. ಈ ಪ್ರದೇಶ ರಕ್ಛಮ್-ಚಿತ್ಕುಲ್ ವನ್ಯಜೀವಿ ಧಾಮಕ್ಕೆ ಸೇರಿದ್ದು. ಬೆಂಕಿ ಹಾಕುವುದು, ಹಾಡು ಹಾಕುವುದು ಎರಡೂ ಬೇಡ.

ನೆರಳಿನ ಇಳಿಜಾರಿಗೆ ಇನ್ನೊಂದು ಮುಖವೂ ಇದೆ. ಅಕ್ಟೋಬರ್ ಬೆಳಿಗ್ಗೆ ಕಾಲುದಾರಿಯ ಕಲ್ಲು, ಹಳ್ಳದ ಮೇಲಿನ ದಿಮ್ಮಿ ಇವುಗಳ ಮೇಲೆ ತೆಳ್ಳಗೆ ಮಂಜುಗಡ್ಡೆ ಕೂತಿರುತ್ತದೆ. ಒದ್ದೆ ಅಂತ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಊರುಗೋಲಿನ ತುದಿಯಿಂದ ಕೆರೆದು ನೋಡಿ ಹೆಜ್ಜೆ ಇಡಿ.

ಹಳ್ಳ ದಾಟುವ ವಿಷಯ

ಎಡಗಡೆಯ ಹಿಮಶಿಖರಗಳಿಂದ ಇಳಿಯುವ ಹಳ್ಳಗಳು ಕಾಲುದಾರಿಗೆ ಅಡ್ಡ ಬರುತ್ತವೆ. ಕೆಲವಕ್ಕೆ ಮರದ ಕಾಲುಸಂಕ ಇರುತ್ತದೆ, ಕೆಲವಕ್ಕೆ ಬರೀ ಎರಡು ದಿಮ್ಮಿ. ಯಾವುದು ಈ ವರ್ಷ ಉಳಿದಿದೆ, ಯಾವುದು ಕೊಚ್ಚಿಹೋಗಿದೆ ಅನ್ನುವುದನ್ನು ರೂಮಿನವರನ್ನೋ ಚಿತ್ಕುಲ್‌ನ ಚಹಾ ಅಂಗಡಿಯವರನ್ನೋ ಆ ದಿನವೇ ಕೇಳಿ. ಹೋದ ವರ್ಷದ ವಿಡಿಯೊ ನೋಡಿ ಹೋಗುವುದರಲ್ಲಿ ಅರ್ಥ ಇಲ್ಲ.

ಬೆಳಿಗ್ಗೆ ಈ ಹಳ್ಳಗಳು ಸಾಧು. ರಾತ್ರಿಯ ಚಳಿಗೆ ಮೇಲೆ ಹಿಮ ಕರಗುವುದು ನಿಂತಿರುತ್ತದೆ. ಬಿಸಿಲೇರಿದ ಹಾಗೆ ಕರಗುತ್ತದೆ, ಆ ನೀರು ಕೆಳಗೆ ಬಂದು ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಎಂಟೂವರೆಗೆ ಚಿತ್ಕುಲ್ ಬಿಡಿ ಅನ್ನುವುದು ಇದಕ್ಕೇ. ಮಧ್ಯಾಹ್ನ ಒಂದರ ಒಳಗೆ ಎಲ್ಲ ಹಳ್ಳ ದಾಟಿರಬೇಕು. ನೀರು ಅಕ್ಕಚ್ಚಿನ ಬಣ್ಣಕ್ಕೆ ತಿರುಗಿದ್ದರೆ ಮೇಲೆ ಹಿಮನದಿ ಕರಗಿ ಬರುತ್ತಿದೆ ಅಂತ ಅರ್ಥ. ಹಿಮನದಿ ಬಂಡೆಯನ್ನು ಅರೆದ ಹುಡಿ ಅದು. ತಳ ಕಾಣುವುದಿಲ್ಲ, ಆಳ ಅಂದಾಜಾಗುವುದಿಲ್ಲ. ಅಂಥ ನೀರನ್ನು ಹಾಗೇ ಕುಡಿಯಲೂ ಬೇಡಿ.

ದಿಮ್ಮಿ ದಾಟುವಾಗ ಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿ. ಬಿದ್ದರೆ ಚೀಲ ಕಳಚಿಕೊಳ್ಳಬೇಕು. ಕಣ್ಣು ಆಚೆ ತುದಿಯ ಮೇಲಿರಲಿ, ಓಡುವ ನೀರು ನೋಡಿದರೆ ತಲೆ ತಿರುಗುತ್ತದೆ. ಒಬ್ಬೊಬ್ಬರಾಗಿ ದಾಟಿ. ಧೈರ್ಯ ಸಾಲದಿದ್ದರೆ ದಿಮ್ಮಿಯ ಮೇಲೆ ಕುದುರೆ ಸವಾರಿಯ ಹಾಗೆ ಕೂತು ಜರುಗುತ್ತಾ ಹೋಗಿ, ನೋಡಿ ನಗುವವರು ನಗಲಿ.

ನೀರಿಗೇ ಇಳಿದು ದಾಟಬೇಕಾದರೆ ಕಿರಿದಾದ ಜಾಗ ಹುಡುಕಬೇಡಿ, ಅಗಲವಾದ ಜಾಗ ಹುಡುಕಿ. ಹಳ್ಳ ಹರಡಿಕೊಂಡಲ್ಲಿ ಆಳವೂ ರಭಸವೂ ಕಮ್ಮಿ. ಶೂ ಬಿಚ್ಚಬೇಡಿ. ಬರಿಗಾಲು ಅರ್ಧ ನಿಮಿಷದಲ್ಲಿ ಮರಗಟ್ಟಿ, ಎಲ್ಲಿ ಇಟ್ಟಿದ್ದೀರಿ ಅನ್ನುವುದೇ ಗೊತ್ತಾಗುವುದಿಲ್ಲ. ಹೆಚ್ಚುವರಿ ಕಾಲುಚೀಲ ಇರುವುದು ಆಚೆ ದಡದಲ್ಲಿ ಹಾಕಿಕೊಳ್ಳಲು. ನೀರು ಬರುವ ಕಡೆಗೆ ಮುಖ ಮಾಡಿ, ಊರುಗೋಲನ್ನು ಮುಂದೆ ಊರಿ, ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಇಡಿ. ನೀರು ಮೊಣಕಾಲು ಮೀರುತ್ತದೆ ಅನಿಸಿದರೆ ವಾಪಸ್. ಚಿತ್ಕುಲ್‌ಗೆ ತಿರುಗಿ ಹೋಗಿ ಟ್ಯಾಕ್ಸಿ ಹಿಡಿದರೆ ಹೋಗುವುದು ದುಡ್ಡು ಮಾತ್ರ.

ಬಾಸ್ಪಾ ಹೊಳೆಗೆ ಅಂತೂ ಇಳಿಯುವ ಮಾತೇ ಇಲ್ಲ. 2014ರ ಜೂನ್‌ನಲ್ಲಿ ಇದೇ ರಾಜ್ಯದ ಬಿಯಾಸ್ ನದಿಯಲ್ಲಿ ಬಂಡೆಗಳ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಬಾಸ್ಪಾದ ಅಣೆಕಟ್ಟು ಸಾಂಗ್ಲಾದಿಂದ ಕೆಳಗಿದೆ, ಹಾಗಾಗಿ ಈ ಭಾಗದಲ್ಲಿ ಆ ಭಯ ಇಲ್ಲ. ಆದರೆ ನೀರಿನ ಚಳಿ ಮತ್ತು ಎಳೆತ ಅಷ್ಟೇ ಕೆಟ್ಟವು. ಒದ್ದೆ ಬಂಡೆಯ ಮೇಲಿನ ಸೆಲ್ಫಿ ಬೇಡ.

ಕುರಿ, ನಾಯಿ, ಊಟ

ಹುಲ್ಲುಗಾವಲಿನಲ್ಲಿ ಕುರಿಮಂದೆ ಎದುರಾದರೆ ದಾರಿ ಬಿಟ್ಟು ಗುಡ್ಡದ ಕಡೆಗೆ ನಿಂತುಕೊಳ್ಳಿ, ಹೊಳೆಯ ಕಡೆಗಲ್ಲ. ಮಂದೆಯ ಜೊತೆ ಜೂಲು ಕೂದಲಿನ ದೊಡ್ಡ ನಾಯಿಗಳಿರುತ್ತವೆ, ಚಿರತೆ ಕರಡಿಯನ್ನು ಓಡಿಸಲು ಸಾಕಿದವು. ಅವು ಬೊಗಳುತ್ತಾ ಬಂದರೆ ಓಡಬೇಡಿ, ಕಲ್ಲು ಎತ್ತಬೇಡಿ. ನಿಂತು ಕುರಿಗಾಹಿಯನ್ನು ಕೂಗಿ. ಅವನ ಒಂದು ಸಿಳ್ಳೆಗೆ ನಾಯಿ ಹಿಂದಿರುಗುತ್ತದೆ.

ಊಟಕ್ಕೆ ಅರ್ಧ ದಾರಿ ದಾಟಿದ ಮೇಲೆ, ದೊಡ್ಡ ಹಳ್ಳಗಳು ಹಿಂದಾದ ಮೇಲೆ ಕೂರಿ. ಮುಂಚೆ ಕೂತರೆ ಎದ್ದೇಳಲು ಮನಸ್ಸಾಗುವುದಿಲ್ಲ, ಹಳ್ಳ ಕಾಯುವುದಿಲ್ಲ. ಪೊಟ್ಟಣ, ಕವರು, ಕಿತ್ತಳೆ ಸಿಪ್ಪೆ ಎಲ್ಲ ನಿಮ್ಮ ಚೀಲಕ್ಕೇ ವಾಪಸ್.

ರಕ್ಛಮ್ ಕಡೆಗೆ

ಕೆಳಗೆ ಬರುತ್ತಾ ಕಣಿವೆ ಅಗಲವಾಗುತ್ತದೆ, ಹೊಳೆ ಬೆಣಚುಕಲ್ಲಿನ ಹಾಸಿನ ಮೇಲೆ ಹರಡಿಕೊಳ್ಳುತ್ತದೆ. ಎದುರು ದಡದಲ್ಲಿ ಹೊಲಗಳು, ಮನೆಗಳು ಕಾಣುತ್ತವೆ. ಆಲೂಗಡ್ಡೆ, ಬಟಾಣಿ, ರಾಜ್ಮಾ ಇಲ್ಲಿನ ಬೆಳೆ. ಬಕ್‌ವೀಟ್ ಕೂಡ ಬೆಳೆಯುತ್ತಾರೆ, ಇಲ್ಲಿನವರ ಬಾಯಲ್ಲಿ ಅದು ಓಗ್ಲಾ, ಫಾಫ್ರಾ. ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರುವಿನಲ್ಲಿ ಹೂಬಿಟ್ಟರೆ ಹೊಲವೆಲ್ಲ ಗುಲಾಬಿ. ಹೊಲದೊಳಗೆ ಇಳಿದು ಫೋಟೊ ತೆಗೆಯುವ ಆಸೆ ಬೇಡ, ತುಳಿದ ಗಿಡ ಅವರ ಚಳಿಗಾಲದ ರೊಟ್ಟಿ.

ಊರಿನ ಎದುರಿಗೆ ಬಂದು ಸೇತುವೆ ದಾಟಿದರೆ ರಕ್ಛಮ್. ನಿಧಾನವಾಗಿ, ನಿಂತು ಕೂತು ಬಂದರೂ ಐದು ತಾಸಿನೊಳಗೆ ಮುಗಿಯುತ್ತದೆ. ಗಟ್ಟಿ ಕಾಲಿನವರಿಗೆ ಮೂರೂವರೆ ತಾಸು ಸಾಕು. ಸಂಜೆಗೆ ಸಿಡ್ಡು ಸಿಗುತ್ತದಾ ಕೇಳಿ. ಹುದುಗಿಸಿದ ಗೋಧಿಹಿಟ್ಟಿನೊಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು, ಮೇಲೆ ತುಪ್ಪ. ಮಾಡಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಇದನ್ನೂ ಬೆಳಿಗ್ಗೆಯೇ ಹೇಳಿಟ್ಟು ಹೋಗುವುದು ಜಾಣತನ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಪೂರ್ತಿ ದಾರಿ ಬೇಡ. ಚಿತ್ಕುಲ್ ಸೇತುವೆ ದಾಟಿ ಒಂದೆರಡು ಕಿ.ಮೀ. ಹುಲ್ಲುಗಾವಲಿನಲ್ಲಿ ನಡೆದು, ಮೊದಲ ದೊಡ್ಡ ಹಳ್ಳ ಸಿಗುವ ಮುಂಚೆ ವಾಪಸ್ ಬಂದರೂ ಕಣಿವೆ ಕಣ್ತುಂಬುತ್ತದೆ. ಇನ್ನು, ಇದು ಸುಲಭವಾಯಿತು ಅಂತ ಹುರುಪಿನಲ್ಲಿ ಮರುದಿನ ಚಿತ್ಕುಲ್ ಮೇಲಿನ, ಬೆಟ್ಟಸಾಲು ದಾಟುವ ಪಾಸ್‌ಗಳ ಕಡೆ ಗೈಡ್ ಇಲ್ಲದೆ ಹೊರಡುವವರು ಇದ್ದಾರೆ. ಉತ್ತರಾಖಂಡದ ಹರ್ಸಿಲ್‌ನಿಂದ ಲಮ್ಖಾಗಾ ಪಾಸ್ ದಾಟಿ ಚಿತ್ಕುಲ್‌ಗೆ ಬರುತ್ತಿದ್ದ ತಂಡವೊಂದು 2021ರ ಅಕ್ಟೋಬರ್‌ನಲ್ಲಿ ಹಿಮಪಾತಕ್ಕೆ ಸಿಕ್ಕಿತು. ಜೊತೆಗೆ ಅನುಭವಿ ಪೋರ್ಟರ್‌ಗಳಿದ್ದರೂ ಹಲವರು ಬದುಕಲಿಲ್ಲ. ಅದು ಬೇರೆಯೇ ತಯಾರಿಯ ಕೆಲಸ.

ವಾಪಸ್ ಹೊರಡುವಾಗ ಚಂಡೀಗಢದ ವಿಮಾನಕ್ಕೂ ರಕ್ಛಮ್ ಬಿಡುವ ದಿನಕ್ಕೂ ನಡುವೆ ಎರಡು ರಾತ್ರಿ ಇಟ್ಟುಕೊಳ್ಳಿ. ಒಂದು ದಾರಿಗೆ, ಇನ್ನೊಂದು ರಸ್ತೆ ಬಂದ್ ಆದರೆ ಇರಲಿ ಅಂತ. ಬಂದ್ ಆಗದಿದ್ದರೆ ಆ ದಿನವನ್ನು ಶಿಮ್ಲಾದಲ್ಲಿ ಕಳೆಯಬಹುದು.